ಕತ್ತರಿ ಹಾಕಲು ಕೈ ನಡುಗಿದರೆ

ಹೊಲಿಗೆ ಕಲಿಯಹೊರಟ ಓದುಗರ ಪ್ರಶ್ನೆಗಳಿಗೆ ನಮ್ಮ ಹೊಲಿಗೆ ಬಳಗದ ಉತ್ತರ

ಪ್ರಶ್ನೆ: ಮಿಷನ್ ತಂದು ಆರು ತಿಂಗಳಾಯಿತು. ವಿಡಿಯೊ ನೋಡಿ ನೋಡಿ ನೋಟ್‌ಬುಕ್ ತುಂಬ ಸೂತ್ರ ಬರೆದುಕೊಂಡಿದ್ದೇನೆ. ಕಂಕುಳಿಗೆ ಎದೆಯಳತೆಯ ಆರನೇ ಒಂದು ಭಾಗ ಎಂದು ಒಬ್ಬರು, ಎಂಟನೇ ಒಂದು ಎಂದು ಇನ್ನೊಬ್ಬರು. ಯಾವುದು ಸರಿ ಎಂದು ತಿಳಿಯದೆ ಇನ್ನೂ ಒಂದು ರವಿಕೆಗೂ ಕತ್ತರಿ ಹಾಕಿಲ್ಲ.
— ಓದುಗರು, ದಾವಣಗೆರೆ

ಉತ್ತರ: ಎರಡೂ ಯಾರದೋ ಮೈಗೆ ಸರಿ. ಸೂತ್ರ ಹುಟ್ಟುವುದೇ ಒಂದು ಸಾಮಾನ್ಯ ಮೈಕಟ್ಟನ್ನು ಊಹಿಸಿಕೊಂಡು. ಆಮೇಲೆ ಪ್ರತಿ ಟೈಲರೂ ಅದಕ್ಕೆ ಒಂದಿಂಚು ಕೂಡಿಸಿ, ಅರ್ಧ ಇಂಚು ಕಳೆದು ತನ್ನ ಗಿರಾಕಿಗಳಿಗೆ ಒಗ್ಗಿಸಿಕೊಂಡಿರುತ್ತಾರೆ. ಇನ್ನೂ ಹತ್ತು ವಿಡಿಯೊ ನೋಡಿದರೆ ಇನ್ನೂ ಹತ್ತು ಸೂತ್ರ ಸಿಗುತ್ತವೆ, ಅಷ್ಟೆ. ನೋಟ್‌ಬುಕ್ ಮುಚ್ಚಿಡಿ.

ನಿಮಗೆ ಒಪ್ಪುವ ಹಳೆಯ ರವಿಕೆ ಒಂದಿದ್ದೇ ಇರುತ್ತದೆ. ಅದರ ಎಡ ಅರ್ಧವನ್ನು ಮಾತ್ರ ಬಿಚ್ಚಿ: ಪಕ್ಕ, ಭುಜ, ತೋಳು, ಟಕ್ಸ್ (ಎದೆಯ ಆಕಾರ ಬರಲು ಹೊಲಿದ ಚೂಪು ಮಡಿಕೆ). ಇಸ್ತ್ರಿ ಮಾಡಿ, ಪುಸ್ತಕಕ್ಕೆ ಹೊದಿಕೆ ಹಾಕುವ ಕಂದು ಕಾಗದದ ಮೇಲೆ ಹರಡಿ ಸುತ್ತ ಗೆರೆ ಎಳೆಯಿರಿ. ಹಳೆಯ ಹೊಲಿಗೆಯ ಗುರುತು ಬಟ್ಟೆಯಲ್ಲಿ ಉಳಿದಿರುತ್ತದೆ. ನಿಮ್ಮ ಗೆರೆ ಆ ಗುರುತಿನ ಮೇಲೆ ಹೋಗಬೇಕು, ಬಟ್ಟೆಯ ಅಂಚಿನ ಮೇಲಲ್ಲ. ಈ ಗೆರೆಯ ಹೊರಗೆ ಮಾರ್ಜಿನ್ ಬಿಡಿ: ಪಕ್ಕಕ್ಕೆ ಒಂದೂವರೆ ಇಂಚು, ಭುಜಕ್ಕೆ ಮುಕ್ಕಾಲು, ಕಂಕುಳಿಗೆ ಅರ್ಧ, ಕೆಳಗೆ ಒಂದೂವರೆ, ಮುಂಭಾಗದ ನಡುಗೆರೆಗೆ, ಅಂದರೆ ಹುಕ್ ಬರುವಲ್ಲಿ, ಒಂದು. ಕೊರಳನ್ನು ಮಾತ್ರ ಬೇಕಾದ್ದಕ್ಕಿಂತ ಅರ್ಧ ಇಂಚು ಚಿಕ್ಕದಾಗಿಯೇ ಕತ್ತರಿಸಿ. ಮಿಕ್ಕ ತಪ್ಪೆಲ್ಲ ಮಾರ್ಜಿನ್‌ನೊಳಗೆ ಸರಿಹೋಗುತ್ತದೆ. ಅಗಲವಾದ ಕೊರಳು ಸರಿಹೋಗುವುದಿಲ್ಲ.

ಇನ್ನು ಬಟ್ಟೆ. ಒಂದು ಮೀಟರ್ ಕೋರಾ (ಬಿಳುಪು ಮಾಡದ ಕಾಟನ್) ಸಾಕು. ಅದೂ ಬೇಡವೆಂದರೆ ಬೀರು ತೆರೆಯಿರಿ: ಅರಿಶಿನ ಕುಂಕುಮಕ್ಕೆ, ಬಾಗಿನಕ್ಕೆ ಬಂದು, ಮನೆಯಿಂದ ಮನೆಗೆ ಸುತ್ತುತ್ತ, ಯಾರೂ ಹೊಲಿಸದ ರವಿಕೆ ಕಣಗಳು ಅಲ್ಲಿ ಕಟ್ಟುಗಟ್ಟಲೆ ಇರುತ್ತವೆ. ಕಾಟನ್ ಆದದ್ದನ್ನು ಆರಿಸಿ. ಜಾರುವ ಪಾಲಿಯೆಸ್ಟರ್ ಕಣ ಮೊದಲ ಕೈಗೆ ಬೇಡ, ಕತ್ತರಿಸುವಾಗಲೇ ಓಡಾಡುತ್ತದೆ. ಕಾಟನ್ ಯಾವುದೇ ಇರಲಿ, ಕೆಲವು ಗಂಟೆ ನೀರಲ್ಲಿ ನೆನೆಸಿ ಒಣಗಿಸಿ ಇಸ್ತ್ರಿ ಮಾಡಿದ ಮೇಲೆಯೇ ಕತ್ತರಿ. ಇಲ್ಲದಿದ್ದರೆ ಮೊದಲ ಒಗೆತಕ್ಕೆ ಕುಗ್ಗಿ, ನಿಮ್ಮ ಅಳತೆ ತಪ್ಪಿತೆಂದು ಸುಮ್ಮನೆ ಕೊರಗುತ್ತೀರಿ.

ಈ ಮೊದಲ ರವಿಕೆಗೆ ಲೈನಿಂಗ್ ಇಲ್ಲ, ಹುಕ್ ಪಟ್ಟಿ ಇಲ್ಲ, ತೋಳು ಒಂದೇ. ಹೊಲಿಗೆಯ ಉದ್ದ 4 ಮಿಲಿಮೀಟರ್, ಅಂದರೆ ಇಂಚಿಗೆ ಆರು ಹೊಲಿಗೆ, ಎಳೆದರೆ ಬಿಚ್ಚಿಬರಬೇಕು. ಒಳಮಗ್ಗುಲು ಹೊರಗೆ ಮಾಡಿ ತೊಟ್ಟು, ಮುಂದೆ ಸೇಫ್ಟಿ ಪಿನ್ ಹಾಕಿ, ಕನ್ನಡಿ ಮುಂದೆ ನಿಲ್ಲಿ. ಮೊದಲು ಭುಜ ನೋಡಿ, ಆಮೇಲೆ ಎದೆ, ಕಂಕುಳು, ಕೊರಳು, ಕೊನೆಗೆ ಉದ್ದ. ಭುಜ ಅರ್ಧ ಇಂಚು ಎತ್ತಿದರೆ ಕೆಳಗಿನದೆಲ್ಲ ಸರಿಯುತ್ತದೆ, ಅದಕ್ಕೇ ಈ ಕ್ರಮ. ಸಡಿಲವಿದ್ದಲ್ಲಿ ಪಿನ್ ಚುಚ್ಚಿ, ಬಿಗಿಯಿದ್ದಲ್ಲಿ ಸೀಮೆಸುಣ್ಣದ ಗುರುತು ಹಾಕಿ. ತಿರುವಿ ತೊಟ್ಟಾಗ ಎಡಬಲ ಅದಲುಬದಲಾಗುತ್ತದೆ. ಒಂದು ಭುಜ ಇಳಿದಿರುವವರು ಯಾವ ಕಡೆಯದೆಂದು ಬಟ್ಟೆಯ ಮೇಲೆಯೇ ಬರೆದಿಡಿ. ಗುರುತುಗಳನ್ನೆಲ್ಲ ಕಾಗದಕ್ಕೆ ಇಳಿಸಿದರೆ ಮುಗಿಯಿತು, ಬಟ್ಟೆಯನ್ನು ಒರೆಸುವುದಕ್ಕೆ ಇಟ್ಟುಕೊಳ್ಳಿ. ನೀವು ಆ ದಿನ ತಯಾರಿಸಿದ್ದು ರವಿಕೆಯನ್ನಲ್ಲ, ಕಾಗದವನ್ನು.

ಪ್ರಶ್ನೆ: ಹೊಲಿಗೆ ಸ್ವಲ್ಪ ಸೊಟ್ಟಗಾದರೂ ಬಿಚ್ಚಿ ಮತ್ತೆ ಹಾಕುತ್ತೇನೆ. ಒಂದು ರವಿಕೆ ತಿಂಗಳಾದರೂ ಮುಗಿದಿಲ್ಲ, ಬಟ್ಟೆಯಲ್ಲಿ ತೂತುಗಳು ಕಾಣುತ್ತಿವೆ.
— ಓದುಗರು, ಮೈಸೂರು

ಉತ್ತರ: ತೂತು ಬಿದ್ದದ್ದು ಸೊಟ್ಟ ಹೊಲಿಗೆಯಿಂದಲ್ಲ, ಬಿಚ್ಚಿದ್ದರಿಂದ. ಸೂಜಿ ಒಂದೇ ಜಾಗದಲ್ಲಿ ಮೂರನೇ ಸಲ ಹಾದರೆ ತೆಳು ರುಬಿಯಾ ರವಿಕೆ ಬಟ್ಟೆ ತಡೆಯುವುದಿಲ್ಲ, ರೇಷ್ಮೆಯಂತೂ ಎರಡನೇ ಸಲಕ್ಕೇ ಗುರುತು ಉಳಿಸಿಕೊಳ್ಳುತ್ತದೆ. ಒಂದು ಜಾಗವನ್ನು ಒಂದೇ ಸಲ ಬಿಚ್ಚುವುದೆಂದು ಕಟ್ಟುನಿಟ್ಟು ಮಾಡಿಕೊಳ್ಳಿ.

ಬಿಚ್ಚಲೇಬೇಕಾದವು ಕಡಿಮೆ. ಎಡ ತೋಳು ಬಲಕ್ಕೆ ಹೋಗಿದ್ದರೆ, ಕಂಕುಳ ಹೊಲಿಗೆಯಲ್ಲಿ ಕೆಳಗಿನ ಬಟ್ಟೆ ಮಡಿಸಿ ಸಿಕ್ಕಿಕೊಂಡಿದ್ದರೆ, ಕೊರಳಿನ ಎರಡು ಮಗ್ಗುಲಿಗೆ ಕಾಲಿಂಚಿಗಿಂತ ಹೆಚ್ಚು ವ್ಯತ್ಯಾಸವಿದ್ದರೆ, ಟಕ್ಸ್ ತುದಿ ಗುಳ್ಳೆಯಂತೆ ಉಬ್ಬಿದ್ದರೆ ಬಿಚ್ಚಿ. ಪಕ್ಕದ ಹೊಲಿಗೆ ಒಂದು ನೂಲು (ಇಂಚಿನ ಎಂಟನೇ ಒಂದು ಭಾಗ) ಅತ್ತಿತ್ತ ಹೋಗಿದೆಯೇ, ಒಳಗಿನ ಓವರ್‌ಲಾಕ್ (ಅಂಚು ಬಿಡದಂತೆ ಹಾಕುವ ಹೊಲಿಗೆ) ಏರಿಳಿದಿದೆಯೇ, ಹೆಮ್ಮಿಂಗ್ ಒಳಗಿನಿಂದ ಅಂದಗೆಟ್ಟಿದೆಯೇ? ಸೆರಗಿನಡಿ ಅದನ್ನು ಯಾರೂ ಕಾಣರು. ಅಲ್ಲೊಂದು ಪಿನ್ ಚುಚ್ಚಿ ಮುಂದೆ ಹೋಗಿ. ಪೂರ್ತಿ ಹೊಲಿದು, ಮನೆಯಲ್ಲೇ ಅರ್ಧ ದಿನ ತೊಟ್ಟು ಕೆಲಸ ಮಾಡಿದ ಮೇಲೆ ಪಿನ್ನುಗಳನ್ನು ನೋಡಿ. ಹೊಲಿಯುತ್ತ ಕೂತಾಗ ಬಟ್ಟೆ ಕಣ್ಣಿಗೆ ಒಂದಡಿ ದೂರದಲ್ಲಿರುತ್ತದೆ. ಆ ದೂರದಿಂದ ಯಾರ ಕೆಲಸವೂ ನೆಟ್ಟಗೆ ಕಾಣದು.

ಟಕ್ಸ್ ಉಬ್ಬುವುದು ಬಹಳ ಜನರ ದೂರು. ತುದಿ ಎದೆಯ ಮೊನೆಗಿಂತ ಒಂದಿಂಚು ಹಿಂದೆಯೇ ನಿಲ್ಲಬೇಕು. ಕೊನೆಯ ಮೂರು ನಾಲ್ಕು ಹೊಲಿಗೆ ಮಡಿಕೆಯ ಅಂಚಿಗಂಟಿಕೊಂಡೇ ಹೋಗಿ ಜಾರಿಹೋಗಲಿ. ಅಲ್ಲಿ ಹಿಂದೆ ಮುಂದೆ ಹೊಲಿಯಬೇಡಿ, ದಾರ ಉದ್ದ ಬಿಟ್ಟು ಕೈಯಲ್ಲಿ ಗಂಟು ಹಾಕಿ.

ಪ್ರಶ್ನೆ: ಇಲ್ಲಿ ರವಿಕೆ ಹೊಲಿಯುವವರು ಹತ್ತಿರದಲ್ಲಿಲ್ಲ, ಹಾಗಾಗಿ ನಾನೇ ಹೊಲಿದುಕೊಂಡೆ. ಕೈ ಎತ್ತಿದರೆ ರವಿಕೆಯೇ ಮೇಲೇರುತ್ತದೆ. ಎರಡು ಸಲ ಕಂಕುಳನ್ನು ಕೆಳಕ್ಕೆ ಕೊರೆದೆ, ಇನ್ನೂ ಹೆಚ್ಚಾಯಿತು. ಇದು ನನ್ನ ಕೈಗಲ್ಲ ಎಂದು ಬಿಟ್ಟುಬಿಡಲೇ?
— ಕನ್ನಡತಿ, ಟೆಕ್ಸಾಸ್

ಉತ್ತರ: ಬಿಡಬೇಡಿ, ಕೊರೆಯುವುದನ್ನು ಮಾತ್ರ ನಿಲ್ಲಿಸಿ. ಕಂಕುಳು ಬಿಗಿ ಅನಿಸಿದರೆ ಕೊರೆಯಬೇಕೆಂದು ಯಾರಿಗೂ ತೋಚುತ್ತದೆ, ಆದರೆ ಇದು ತದ್ವಿರುದ್ಧ. ಕಂಕುಳು ಇಳಿದಷ್ಟೂ ತೋಳು ಮೈಗೆ ಅಂಟುವ ಜಾಗ ಕೆಳಗೆ ಹೋಗುತ್ತದೆ. ಕೈ ಎತ್ತಿದಾಗ ತೋಳು ಅಲ್ಲಿಂದ ಇಡೀ ಪಕ್ಕವನ್ನು ಎಳೆದೊಯ್ಯುತ್ತದೆ. ಕಂಕುಳು ಮೈಗೆ ಹತ್ತಿರವಿದ್ದರೇ ಕೈ ಸಲೀಸು.

ಈ ರವಿಕೆಗೆ ಎರಡು ದಾರಿ. ಭುಜದಲ್ಲಿ ಅರ್ಧ ಇಂಚು ಹಿಡಿದರೆ ಕಂಕುಳು ಏರುತ್ತದೆ. ಜೊತೆಗೆ ಕೊರಳೂ ಟಕ್ಸೂ ಏರುತ್ತವೆ, ಉದ್ದವೂ ಕಡಿಮೆಯಾಗುತ್ತದೆ. ಅದು ಒಗ್ಗದಿದ್ದರೆ ಎರಡಿಂಚು ಚೌಕದ ತುಂಡನ್ನು ವಜ್ರಾಕಾರವಾಗಿ ಕಂಕುಳಲ್ಲಿ ಕೂಡಿಸಿ. ಹಳೆಯ ಜುಬ್ಬಾಗಳ ಕಂಕುಳಲ್ಲಿ ಇರುತ್ತಿದ್ದ ತುಂಡು ಇದೇ.

ಪ್ರಶ್ನೆ: ಇಳಕಲ್ ಸೀರೆಗೆಂದು ಗುಳೇದಗುಡ್ಡ ಖಣ ತಂದಿಟ್ಟು ವರ್ಷವಾಯಿತು. ಚೆನ್ನಾಗಿ ಕಲಿತ ಮೇಲೆಯೇ ಮುಟ್ಟುವುದೋ, ಧೈರ್ಯ ಮಾಡಿ ಈಗಲೇ ಹೊಲಿಯುವುದೋ?
— ಓದುಗರು, ಹುಬ್ಬಳ್ಳಿ

ಉತ್ತರ: ಎರಡೂ ಅಲ್ಲ. ಮೂರನೆಯ ಕುಬಸ ಅದರದ್ದೇ ಎಂದು ಈಗಲೇ ಗೊತ್ತುಮಾಡಿ. ಮೊದಲನೆಯದು ಕೋರಾ, ಎರಡನೆಯದು ಲೈನಿಂಗ್ ಸಮೇತ ಕಾಟನ್, ಮೂರನೆಯದು ಖಣ. ಖಣಕ್ಕೆ ಅಗಲ ಕಡಿಮೆ. ಅಂಚು ತೋಳಿನ ಕೆಳಗೆ ಬರಬೇಕು, ಬುಟ್ಟಾ ತಲೆಕೆಳಗಾಗಬಾರದು. ಆದ್ದರಿಂದ ಕಾಗದದ ಎಲ್ಲ ತುಂಡುಗಳನ್ನೂ ಒಟ್ಟಿಗೆ ಹರಡಿ ನೋಡದೆ ಒಂದನ್ನೂ ಕತ್ತರಿಸಬೇಡಿ. ನೂಲು ಬೇಗ ಬಿಡುತ್ತದೆ, ಕತ್ತರಿಸಿದ ಕೂಡಲೇ ಅಂಚುಗಳಿಗೆ ಓವರ್‌ಲಾಕ್ ಮಾಡಿಸಿ. ಕೊರಳಿಗೆ ಅಂಚಿನಿಂದ ಒಂದು ನೂಲು ಒಳಗೆ ಒಂಟಿ ಹೊಲಿಗೆ ಓಡಿಸಿ, ಹಿಗ್ಗುವುದು ನಿಲ್ಲುತ್ತದೆ.

ಪ್ರಶ್ನೆ: ಹೊಲಿಯುವಾಗ ಅಡಿಯಲ್ಲಿ ದಾರ ಗೂಡು ಕಟ್ಟುತ್ತದೆ. ಒಳ್ಳೆಯ ಕಂಪ್ಯೂಟರ್ ಮಿಷನ್ ತಂದ ಮೇಲೆಯೇ ಶುರುಮಾಡೋಣ ಅನಿಸುತ್ತದೆ.
— ಓದುಗರು, ತುಮಕೂರು

ಉತ್ತರ: ಹೊಸ ಮಿಷನ್ನಿನಲ್ಲೂ ಅದೇ ಗೂಡು ಕಟ್ಟುತ್ತದೆ. ಅಡಿಯಲ್ಲಿ ಗೂಡು ಅಂದರೆ ಸಾಮಾನ್ಯವಾಗಿ ಮೇಲಿನ ದಾರ, ಅದನ್ನು ಬಿಗಿಹಿಡಿಯುವ ಟೆನ್ಷನ್ ಬಿಲ್ಲೆಗಳ ನಡುವೆ ಕೂತಿಲ್ಲ ಎಂದರ್ಥ. ಬಟ್ಟೆ ಒತ್ತಿಹಿಡಿಯುವ ಮಿಷನ್ನಿನ ಪಾದವನ್ನು ಎತ್ತಿಟ್ಟುಕೊಂಡು ಮೊದಲಿನಿಂದ ದಾರ ಪೋಣಿಸಿ, ಶುರುವಿನ ಎರಡು ಮೂರು ಹೊಲಿಗೆಗೆ ಎರಡೂ ದಾರದ ತುದಿ ಹಿಂದಕ್ಕೆ ಹಿಡಿದುಕೊಳ್ಳಿ. ಸೂಜಿ ಬದಲಿಸಿ ಎಷ್ಟು ದಿನವಾಯಿತು? ಕಾಟನ್‌ಗೆ 14, ರೇಷ್ಮೆಗೆ 11 ನಂಬರ್. ಎಣ್ಣೆ ಬಿಡುವುದಾದರೆ ಮಿಷನ್ ಎಣ್ಣೆಯನ್ನೇ ಬಿಡಿ. ಅಡುಗೆಮನೆಯ ಕೊಬ್ಬರಿ ಎಣ್ಣೆ ಬಿಟ್ಟರೆ ಚಳಿಗೆ ಗಟ್ಟಿಯಾಗಿ ಚಕ್ರವೇ ತಿರುಗುವುದಿಲ್ಲ. ಎಣ್ಣೆ ಬಿಟ್ಟ ಮೇಲೆ ಹಳೆ ಪಂಚೆಯ ಚೂರಿನ ಮೇಲೆ ಹತ್ತು ಸಾಲು ಹೊಲಿದು, ಕಲೆ ನಿಂತ ಮೇಲೆ ಒಳ್ಳೆಯ ಬಟ್ಟೆ ಇಡಿ.