ಕೋಳಿ ಫಾರಂ ಪಕ್ಕದ ಮನೆ, ತೊಳೆದು ತೊಳೆದು ಒಡೆದ ಕೈ

ಶಿರಸಿ ತಾಲೂಕಿನ ಒಂದು ಊರು. ಗುರುತು ಸಿಗಬಾರದು ಅಂತ ಒಂದಷ್ಟು ವಿವರ ಬದಲಿಸಿದೀನಿ. ನನ್ನ ಹತ್ರ ಸಲಹೆಗೆ ಬಂದಿದ್ದು ಮೂವತ್ತರ ಆಸುಪಾಸಿನ ತಾಯಿ, ಅವರಿಗೆ ನಾಕು ವರ್ಷದ ಮಗ, ಅಡಿಕೆ ತೋಟ, ಕೊಟ್ಟಿಗೇಲಿ ಎರಡು ಎಮ್ಮೆ. ಹೋದ ವರ್ಷ ಬೇಲಿ ಆಚೆ ಕೋಳಿ ಫಾರಂ ಆಯ್ತು, ಮಳೆ ಹಿಡಿದ್ರೆ ವಾಸನೆ ಅಡುಗೆಮನೆವರೆಗೂ. ಆಮೇಲೆ ಮೊಬೈಲಲ್ಲಿ ಯಾವುದೋ ವಿಡಿಯೋ ನೋಡಿದ್ರು, ಫಾರಂ ಹತ್ರ ಇರೋರ ಮೂಗಲ್ಲಿ ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾ ಕೂರ್ತಾವಂತೆ ಅಂತ, ಅವತ್ತಿಂದ ಮಗನ್ನ ಅಂಗಳಕ್ಕೂ ಬಿಡ್ತಿರಲಿಲ್ಲ, ಕೊಟ್ಟಿಗೆಗಂತೂ ಇಲ್ಲವೇ ಇಲ್ಲ. ದಿನಕ್ಕೆ ಎಷ್ಟು ಸಲ ಕೈ ತೊಳೀತೀರಿ ಅಂತ ಕೇಳಿದೆ. "ಎಣಿಸಿಲ್ಲ ಮೇಡಂ" ಅಂದ್ರು. ಬೆರಳ ಸಂದಿ ಒಡೆದು ರಕ್ತ ಜಿನುಗ್ತಿತ್ತು.

ಮನೇಲಿ "ನಿಂಗೆ ಹುಚ್ಚು" ಅಂದಿದ್ರಂತೆ. ನಾನು ಹಾಗನ್ನಲಿಲ್ಲ, ಅವರ ಭಯಕ್ಕೆ ಬುಡ ಇದೆ. ನೆದರ್‌ಲ್ಯಾಂಡ್ಸಲ್ಲಿ ಹಂದಿ ಸಾಕೋರ ಮೂಗಲ್ಲಿ ಔಷಧಿಗೆ ಬಗ್ಗದ ಸ್ಟೆಫಿಲೊಕಾಕಸ್ ಅನ್ನೋ ಬ್ಯಾಕ್ಟೀರಿಯಾ ಸಿಕ್ಕಿದ್ದು ನಿಜ, 2007ರಿಂದ 2010ರ ತನಕ ಅಲ್ಲೇ ಆಡಿನ ಫಾರಂಗಳಿಂದ ಕ್ಯೂ ಜ್ವರ (ಪ್ರಾಣಿಗಳಿಂದ ಜನರಿಗೆ ಬರೋ ಬ್ಯಾಕ್ಟೀರಿಯಾ ಸೋಂಕು) ಗಾಳೀಲಿ ಬಂದು 4000ಕ್ಕೂ ಹೆಚ್ಚು ಜನ ಕಾಯಿಲೆ ಬಿದ್ದಿದ್ದೂ ನಿಜ. ಆದ್ರೆ ಬಗ್ಗದ ಬ್ಯಾಕ್ಟೀರಿಯಾ ಜಾಸ್ತಿ ಸಿಗೋದು ದಿನಾ ಶೆಡ್ಡೊಳಗೆ ಕೆಲಸ ಮಾಡೋರಲ್ಲಿ, ಬೇಲಿ ಈಚೆ ಇರೋರಲ್ಲಿ ಅಷ್ಟಿಲ್ಲ. ಬವೇರಿಯಾ, ಸ್ವಿಟ್ಜರ್‌ಲ್ಯಾಂಡ್ ಕಡೆ ದನದ ಕೊಟ್ಟಿಗೆ ಜೊತೆ ಬೆಳೆದ ಮಕ್ಕಳಿಗೆ ಆಸ್ತಮಾ, ಅಲರ್ಜಿ ಕಮ್ಮಿ ಅಂತಾನೂ ಕಂಡಿದೆ. ಇದನ್ನ ಕೇಳಿ ಅವರು ಸುಮಾರು ಹೊತ್ತು ಸುಮ್ನೆ ಕೂತ್ರು.

ನನಗೆ ಗಾಬರಿ ಆಗಿದ್ದು ಬೇರೆದಕ್ಕೆ. ಮಗನಿಗೆ ನೆಗಡಿ ಬಂದಾಗೆಲ್ಲ ಉಳಿದಿದ್ದ ಆಂಟಿಬಯೋಟಿಕ್ ಸಿರಪ್ ಎರಡು ದಿನ ಕುಡಿಸಿ ನಿಲ್ಲಿಸ್ತಿದ್ರು! ನೆಗಡಿಗೆ ಅದು ಕೆಲಸಾನೇ ಮಾಡಲ್ಲ, ಹೊಟ್ಟೇಲಿರೋ ಒಳ್ಳೇ ಬ್ಯಾಕ್ಟೀರಿಯಾ ಸತ್ತು ಬಗ್ಗದವು ಉಳ್ಕೋತಾವೆ. ಯಾವುದಕ್ಕೆ ಹೆದರಿದ್ರೋ ಅದನ್ನ ಚಮಚದಲ್ಲಿ ಅಳೆದು ಕೊಟ್ಟಂಗೆ ಆಗ್ತಿತ್ತು.

ಆ ಬಾಟ್ಲಿ ಇನ್ನು ಮುಟ್ಟಬೇಡಿ, ಡಾಕ್ಟರ್ ಬರೆದ್ರೆ ಮಾತ್ರ, ಬರೆದಷ್ಟು ದಿನ ಅಂದೆ. ಕೈ ತೊಳೆಯೋದು ಊಟಕ್ಕೆ ಮೊದಲು, ಅಡುಗೆಗೆ ಮೊದಲು, ಶೌಚ ಆದ್ಮೇಲೆ, ಸಗಣಿ ಗೊಬ್ಬರ ಮುಟ್ಟಿದ್ಮೇಲೆ, ಮಾಮೂಲಿ ಸೋಪು ಸಾಕು, ಒಡೆದ ಚರ್ಮದಲ್ಲೇ ಬ್ಯಾಕ್ಟೀರಿಯಾ ಸುಲಭಕ್ಕೆ ಒಳಗೆ ಹೋಗೋದು. ಹಾಲು ಕಾಯಿಸಿಯೇ ಕೊಡಿ. ಮಗ ಕೊಟ್ಟಿಗೆಗೆ ಹೋಗ್ಲಿ, ಕೋಳಿ ಶೆಡ್ಡಿಗೆ ಬೇಡ. ಉಳಿದ ಹೊತ್ತಲ್ಲಿ ತೊಳೀಬೇಕು ಅನ್ಸಿದ್ರೆ ಹತ್ತು ನಿಮಿಷ ತಡೆದು ಕೂರಿ, ವಾರ ವಾರ ಹೆಚ್ಚಿಸೋಣ ಅಂದೆ, ಮನೋವೈದ್ಯರ ಹತ್ರಾನೂ ಕಳಿಸಿದೆ. ವಾಸನೆ, ನೊಣಕ್ಕೆ ಗ್ರಾಮ ಪಂಚಾಯ್ತಿಗೆ ಅರ್ಜಿ ಕೊಡೋದು, ಅದಕ್ಕೆ ಗಂಡನ ಸಹಿನೂ ಬೇಕು ಅಂದೆ, ಇದು ಅವರೊಬ್ಬರ ತಲೆಬಿಸಿ ಅಲ್ಲ.

ಮೂರನೇ ಸಲ ಬಂದಾಗ ಗಂಡನೂ ಜೊತೆಗಿದ್ರು. ತಡೆಯೋದು ಇಪ್ಪತ್ತು ನಿಮಿಷಕ್ಕೆ ಬಂದಿದೆ, ಬೆರಳು ಮಾಯ್ತಾ ಇವೆ, ಮಗ ಎಮ್ಮೆಕರುಗೆ ಹುಲ್ಲು ಹಾಕ್ತಾನಂತೆ. ಅರ್ಜಿಗೆ ಇನ್ನೂ ಉತ್ತರ ಬಂದಿಲ್ಲ.