ಬಿಸಿಲನ್ನು ಬೈಯಬೇಡಿ, ಚಾಟ್ನಿಯ ತಾರೀಖು ನೋಡಿ

ಕೃಷ್ಣಾ ಕಣಿವೆಯ ವೈನ್ ದ್ರಾಕ್ಷಿಯ ಬಗ್ಗೆ ಬರುವ ಪತ್ರಗಳನ್ನು ಬಿಚ್ಚುವುದೇ ಇತ್ತೀಚೆಗೆ ಬೇಸರವಾಗಿದೆ. ಊರು ಬೇರೆ, ಕೈಬರಹ ಬೇರೆ, ಪ್ರಶ್ನೆ ಮಾತ್ರ ಅದೇ. ಆ ಪ್ರಶ್ನೆಗೆ ಈ ಸಲ ಒಮ್ಮೆ ಪೂರ್ತಿ ಉತ್ತರ ಬರೆದುಬಿಡುತ್ತೇನೆ, ಉಳಿದವಕ್ಕೆ ಉಳಿದಷ್ಟು ಜಾಗ. ಚಾಟ್ನಿ ಎಂದರೆ ಬಳ್ಳಿ ಕತ್ತರಿಸುವ ಕೆಲಸ, ಅಷ್ಟು ಹೇಳುತ್ತೇನೆ; ಬ್ರಿಕ್ಸ್ ಎಂದರೇನು, ಹನಿ ನೀರಾವರಿ ಹೇಗೆ ಎಂದೆಲ್ಲ ಮೊದಲಿಂದ ಹೇಳುತ್ತ ಕೂರುವುದಿಲ್ಲ. ದ್ರಾಕ್ಷಿ ಬೆಳೆಯುವವರಿಗೆ ಅದು ಗೊತ್ತು; ಗೊತ್ತಿಲ್ಲದವರು ಪಕ್ಕದ ತೋಟದವರನ್ನು ಕೇಳಿದರೆ ಸಾಕು.

ಪ್ರಶ್ನೆ: ತಿಕೋಟಾ ಹತ್ತಿರ ನಮ್ಮದು ಒಣದ್ರಾಕ್ಷಿ ತೋಟ. ಎರಡು ಎಕರೆಗೆ ವೈನ್ ತಳಿ ಹಾಕುವ ಆಸೆ. ಆದರೆ ನಮ್ಮ ಭಾಗದ ಕೆಂಪು ವೈನ್ ಕುಡಿದವರು ‘ಕುದಿಸಿದ ಹಣ್ಣಿನ ರುಚಿ, ಗಂಟಲಲ್ಲಿ ಉರಿ, ಹುಳಿಯೇ ಇಲ್ಲ’ ಎನ್ನುತ್ತಾರೆ. ಬಿಸಿಲ ನಾಡಿನಲ್ಲಿ ಒಳ್ಳೆಯ ವೈನ್ ಆಗುವುದೇ ಇಲ್ಲವಂತೆ, ನಿಜವೇ?

ನಿಜವಲ್ಲ. ವೈನಿಗೆ 30ರಿಂದ 50 ಡಿಗ್ರಿ ಅಕ್ಷಾಂಶವೇ ಸರಿ ಎಂದು ಹಳೆಯ ಪುಸ್ತಕಗಳು ಗೆರೆ ಎಳೆದಿಟ್ಟಿವೆ. ವಿಜಯಪುರ ಇರುವುದು 17ಕ್ಕೂ ಕೆಳಗೆ. ಆ ಲೆಕ್ಕಕ್ಕೆ ಹೋದರೆ ನಾವು ಬಳ್ಳಿ ಕಿತ್ತು ತೊಗರಿ ಬಿತ್ತಬೇಕು. ಆದರೆ ಬ್ರೆಜಿಲ್‌ನ ಸಾವೊ ಫ್ರಾನ್ಸಿಸ್ಕೊ ಕಣಿವೆ 9 ಡಿಗ್ರಿಯ ಆಸುಪಾಸಿನಲ್ಲಿದ್ದು, ವರ್ಷಕ್ಕೆ ಎರಡು ಬೆಳೆ ತೆಗೆದು ವೈನ್ ಮಾಡುತ್ತಿದೆ. ನಮ್ಮಲ್ಲೇ ದೊಡ್ಡಬಳ್ಳಾಪುರದ ಬಳಿ 1988ರಲ್ಲಿ ಗ್ರೋವರ್ ಕುಟುಂಬ ಫ್ರೆಂಚ್ ತಳಿ ನೆಟ್ಟಾಗ ನಕ್ಕವರಿದ್ದರು. 1990ರ ದಶಕದಲ್ಲಿ ಫ್ರಾನ್ಸಿನ ಬೋರ್ಡೊ ಪ್ರಾಂತ್ಯದ ವೈನ್ ತಜ್ಞ ಮಿಶೆಲ್ ರೋಲಾಂ ಅಲ್ಲಿಗೆ ಸಲಹೆಗಾರನಾಗಿ ಬಂದ. ನಗು ಅಲ್ಲಿಗೆ ನಿಂತಿತು.

ಗ್ರೋವರ್ ತೋಟವಿರುವ ನಂದಿ ಕಣಿವೆಗೆ ಸುಮಾರು 900 ಮೀಟರ್ ಎತ್ತರದ ಅನುಕೂಲವಿದೆ, ಕೆಂಪು ಮಣ್ಣಿದೆ, ಸಂಜೆಯ ಗಾಳಿ ತಂಪು. ನಮ್ಮ ವಿಜಯಪುರ 600 ಮೀಟರ್ ಸುತ್ತ. ಹಾಗಾಗಿ ನಂದಿಯ ವೈನ್ ಬಂದಂತೆ ನಮ್ಮದು ಬರಲಿ ಎಂದು ಆಸೆಪಡುವುದೂ ತಪ್ಪು. ಕೃಷ್ಣಾ ಕಣಿವೆಯ ಕೆಂಪು ವೈನ್ ಶಿರಾಜ್ ಸರಿಯಾಗಿ ಬಂದಾಗ ಮಾಗಿದ ನೇರಳೆ, ಕರಿಮೆಣಸು, ಮೆತ್ತನೆಯ ಒಗರು. ಬಿಳಿ ವೈನ್ ಚೆನಿನ್ ಬ್ಲಾಂಕ್‌ನಲ್ಲಿ ಪೇರಲ, ಅನಾನಸ್. ತುಂಬಿದ, ಬಿಸಿಲು ಕುಡಿದ, ಬೇಗ ಹದಕ್ಕೆ ಬರುವ ವೈನ್ ಇದು. ಇದರ ಗುಣವೇ ಅದು. ಹಂಪಿ ಸೀಮೆಯ ಬಂಡೆಗಳ ನಡುವೆ ಕ್ರಿಸ್ಮಾ ವೈನರಿಯವರು ಮಾಡುವ ಕ್ಯಾಬರ್ನೆ ಇನ್ನೊಂದು ಬಗೆ. ಬಿಸಿ ಸೀಮೆ ಎಂದರೆ ಒಂದೇ ರುಚಿ ಎಂದು ತಿಳಿದವರು ಈ ಮೂರನ್ನೂ ಒಂದೇ ಸಂಜೆ ಪಕ್ಕಪಕ್ಕ ಇಟ್ಟು ನೋಡಲಿ.

ಹಾಗಾದರೆ ‘ಕುದಿಸಿದ ಹಣ್ಣು’ ಎಲ್ಲಿಂದ ಬಂತು? ಹಣ್ಣಿನ ಹುಳಿಯಲ್ಲಿ ಮುಖ್ಯವಾದವು ಎರಡು, ಟಾರ್ಟಾರಿಕ್ ಮತ್ತು ಮ್ಯಾಲಿಕ್. ಸೆಕೆಯಲ್ಲಿ ಬಳ್ಳಿಯ ಉಸಿರಾಟ ಜೋರಾಗಿ ಕಾಯಿಯಲ್ಲಿನ ಮ್ಯಾಲಿಕ್ ಸುಟ್ಟುಹೋಗುತ್ತದೆ. ರಾತ್ರಿಯೂ ಬಿಸಿಯಾಗಿದ್ದರೆ ಬೇಗ ಹೋಗುತ್ತದೆ. ಟಾರ್ಟಾರಿಕ್ ಸೆಕೆಗೆ ಜಗ್ಗುವುದಿಲ್ಲ, ಆದರೆ ಪೊಟ್ಯಾಷಿಯಂ ಹೆಚ್ಚಾದರೆ ಅದರ ಜೊತೆ ಸೇರಿ ಹರಳಾಗಿ ತಳಕ್ಕೆ ಕೂರುತ್ತದೆ. ಅತ್ತ ಸಕ್ಕರೆ ಮಾತ್ರ ಓಡುತ್ತಿರುತ್ತದೆ. 35 ಡಿಗ್ರಿ ದಾಟಿದರೆ ಸಿಪ್ಪೆಗೆ ಬಣ್ಣ ಕೂರುವುದೂ ನಿಧಾನ. ಬಣ್ಣ ಇನ್ನೂ ಬಂದಿಲ್ಲವೆಂದು ರೈತ ಕಾಯುತ್ತಾನೆ, ಕಾದಷ್ಟೂ ಸಕ್ಕರೆ ಏರುತ್ತದೆ. ಆ ಸಕ್ಕರೆಯ ಅಳತೆಯೇ ಬ್ರಿಕ್ಸ್. 24 ಬ್ರಿಕ್ಸ್‌ಗೆ ಕೊಯ್ದರೆ ಹದಿಮೂರೂವರೆ, ಹದಿನಾಲ್ಕು ಶೇಕಡಾ ಆಲ್ಕೋಹಾಲ್. 26ರ ಮೇಲೆ ಬಿಟ್ಟರೆ ಹದಿನೈದು. ಗಂಟಲ ಉರಿ ಅದೇ. ಬಿಸಿಲು ಸುಮ್ಮನೆ ಬೈಸಿಕೊಳ್ಳುತ್ತಿದೆ.

ಈಗ ಮುಖ್ಯ ಮಾತು. ಯುರೋಪಿನಲ್ಲಿ ಚಳಿಗೆ ಬಳ್ಳಿ ಮಲಗುತ್ತದೆ, ವಸಂತಕ್ಕೆ ತಾನೇ ಏಳುತ್ತದೆ. ಕೊಯ್ಲಿನ ಕಾಲವನ್ನು ಹವೆ ನಿರ್ಧರಿಸುತ್ತದೆ. ನಮ್ಮಲ್ಲಿ ಬಳ್ಳಿಗೆ ನಿದ್ದೆಯೇ ಇಲ್ಲ. ಏಪ್ರಿಲ್ ಚಾಟ್ನಿಯಲ್ಲಿ ಮುಂದೆ ಹಣ್ಣು ಬಿಡುವ ಕಡ್ಡಿ ಬೆಳೆಸುತ್ತೀರಿ, ಮಳೆ ಹಿಂದಾದ ಮೇಲೆ ಎರಡನೇ ಚಾಟ್ನಿಯಲ್ಲಿ ಹಣ್ಣಿಗೆ ಬಿಡುತ್ತೀರಿ. ಆ ಎರಡನೇ ಚಾಟ್ನಿಯಿಂದ ತಳಿಗೆ ತಕ್ಕಂತೆ 120ರಿಂದ 150 ದಿನಕ್ಕೆ ಕೊಯ್ಲು. ಅಂದರೆ ಹಣ್ಣು ಮಾಗುವ ತಿಂಗಳನ್ನು ನೀವೇ, ಕೈಯಲ್ಲಿ ಕತ್ತರಿ ಹಿಡಿದು, ಗೊತ್ತುಮಾಡುತ್ತೀರಿ. ಜನವರಿ ಕೊನೆಯಲ್ಲಿ, ಫೆಬ್ರವರಿಯಲ್ಲಿ ಮಾಗಿದರೆ ರಾತ್ರಿಯ ತಂಪು ಇನ್ನೂ ಉಳಿದಿರುತ್ತದೆ. ಮಾರ್ಚ್ ಮಧ್ಯಕ್ಕೆ ಜಾರಿದರೆ ಹಗಲು 36–37 ಡಿಗ್ರಿ, ರಾತ್ರಿಯೂ ನೆಲ ಆರುವುದಿಲ್ಲ. ಒಂದೇ ತೋಟ, ಒಂದೇ ತಳಿ, ಆದರೂ ಆಗುವುದು ಎರಡು ಬೇರೆ ವೈನ್.

‘ಹಾಗಾದರೆ ಸೆಪ್ಟೆಂಬರ್ ಮೊದಲ ವಾರವೇ ಚಾಟ್ನಿ ಮಾಡಿಬಿಡೋಣ’ ಎಂದು ಹೊರಡಬೇಡಿ. ಹಿಂಗಾರು ಮಳೆ ಎಳೆ ಚಿಗುರಿನ ಮೇಲೆ, ಹೂವಿನ ಮೇಲೆ ಬಿದ್ದರೆ ದವಣಿ ಎಂಬ ಬೂಷ್ಟು ರೋಗ ಗೊಂಚಲನ್ನೇ ತಿಂದುಹಾಕುತ್ತದೆ. ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಮೊದಲ ಭಾಗದೊಳಗಿನ ಕೆಲವೇ ದಿನಗಳು ನಮಗೆ ಸಿಗುವ ಸಂದು. ಬೇಗ ಮಾಗುವ ತಳಿಗೆ ತುಸು ತಡವಾದರೂ ನಡೆದೀತು. ಕ್ಯಾಬರ್ನೆ ಸೊವಿನ್ಯೋಂ ಥರದ ನಿಧಾನದ ತಳಿಯನ್ನು ಅಕ್ಟೋಬರ್ ಕೊನೆಗೆ ತಳ್ಳಿದರೆ ಮುಗಿಯಿತು. ಕೂಲಿಯಾಳು ಒಣದ್ರಾಕ್ಷಿ ತೋಟಗಳಿಗೆ ಹೋಗಿದ್ದಾರೆ, ನಮ್ಮ ಪಾಳಿ ಬರಲಿಲ್ಲ ಎಂಬ ನೆಪ ಪ್ರತಿ ವರ್ಷ ಕೇಳುತ್ತೇನೆ. ಒಣದ್ರಾಕ್ಷಿಗೆ ಎರಡು ವಾರ ತಡವಾದರೆ ಏನೂ ಕೆಡುವುದಿಲ್ಲ. ವೈನಿಗೆ ಕೆಡುತ್ತದೆ. ಮೊದಲ ಪಾಳಿ ಯಾವುದಕ್ಕೆ ಎಂದು ನಿಮಗೆ ನೀವೇ ಹೇಳಿಕೊಳ್ಳಲಾಗದಿದ್ದರೆ ಈ ಬೆಳೆ ಬೇಡ.

ಎರಡನೆಯ ಕಂಟಕ ಪೊಟ್ಯಾಷಿಯಂ. ಒಣದ್ರಾಕ್ಷಿಯವರ ಅಭ್ಯಾಸ ಇಲ್ಲಿ ನೇರ ತೊಂದರೆ ಕೊಡುತ್ತದೆ. ಸಕ್ಕರೆ ಏರಲಿ ಎಂದು 0-0-50 ಎಂಬ ಪೊಟ್ಯಾಷ್ ಗೊಬ್ಬರ ಹೊಡೆಯುವುದು ನಿಮಗೆ ಕೈವಾಸಿಯಾಗಿದೆ. ಥಾಮ್ಸನ್ ದ್ರಾಕ್ಷಿ ಒಣಗಿಸುವವರಿಗೆ ಅದು ಸರಿ. ವೈನ್ ದ್ರಾಕ್ಷಿಗೆ ನಮ್ಮಲ್ಲಿ ಸಕ್ಕರೆಯ ಬರ ಎಂದಾದರೂ ಬಂದಿದೆಯೇ? ಹೆಚ್ಚಿನ ಪೊಟ್ಯಾಷಿಯಂ ಕಾಯಿಗೆ ಸೇರಿ ರಸದ ಪಿಎಚ್ ಏರಿಸುತ್ತದೆ, ಅಂದರೆ ಹುಳಿ ಇಳಿಸುತ್ತದೆ. ಪಿಎಚ್ 3.5ರಲ್ಲಿ ವೈನ್ ಕೆಡದಂತೆ ಕಾಯಲು ಎಷ್ಟು ಗಂಧಕ ಬೇಕೋ, 4.0ರಲ್ಲಿ ಅದರ ಮೂರು ಪಟ್ಟು ಬೇಕು. ಬಣ್ಣ ಮಾಸುತ್ತದೆ, ಬ್ಯಾಕ್ಟೀರಿಯಾ ಹಬ್ಬ ಮಾಡುತ್ತವೆ, ಬಾಯಲ್ಲಿ ವೈನ್ ಸಪ್ಪೆ. ವೈನರಿಯವರು ಟಾರ್ಟಾರಿಕ್ ಆಮ್ಲ ಸೇರಿಸಿ ಸರಿಮಾಡುತ್ತಾರೆ; ಬಿಸಿ ಸೀಮೆಗಳಲ್ಲಿ ಅದು ಮಾಮೂಲಿ ಕ್ರಮ, ಕಲಬೆರಕೆಯಲ್ಲ. ಆದರೆ ಬಳ್ಳಿಯಲ್ಲೇ ಕಳೆದುಹೋದದ್ದನ್ನು ಪೂರ್ತಿ ಮರಳಿಸಲು ಯಾವ ಚೀಲದಿಂದಲೂ ಆಗದು. ಇದರ ಜೊತೆ ಡಾಗ್‌ರಿಜ್ ಬೇರುಕಾಂಡ, ಅಂದರೆ ಕಸಿ ಕಟ್ಟುವ ಬುಡದ ಗಿಡ. ಉಪ್ಪು ನೀರಿಗೆ, ಬರಕ್ಕೆ ತಡೆದುಕೊಳ್ಳುತ್ತದೆಂದು ನಮ್ಮ ಭಾಗದಲ್ಲಿ ಎಲ್ಲರೂ ಅದನ್ನೇ ಹಾಕಿದ್ದಾರೆ. ಅದು ಬಳ್ಳಿಯನ್ನು ಸೊಕ್ಕಿಸುತ್ತದೆ, ಪೊಟ್ಯಾಷಿಯಂ ಕೂಡ ಚೆನ್ನಾಗಿ ಎಳೆಯುತ್ತದೆ. ನೀರಿನ ಉಪ್ಪು ತೀರಾ ಹೆಚ್ಚಿಲ್ಲದಿದ್ದರೆ 110ಆರ್ ಎಂಬ ಬೇರುಕಾಂಡ ಕೇಳಿ ನೋಡಿ. ಮಣ್ಣು, ನೀರು ಎರಡನ್ನೂ ಪರೀಕ್ಷೆ ಮಾಡಿಸದೆ ಬರೆದ ಪತ್ರಗಳಿಗೆ ಇನ್ನು ಮುಂದೆ ಉತ್ತರವಿಲ್ಲ.

ಎರೆ ನೆಲದ ಮೇಲೆ ಆಸೆ ಬಿಡಿ. ನಿಮ್ಮ ಹೊಲದಲ್ಲಿ ಮಡ್ಡಿ ಇದ್ದರೆ, ಅಜ್ಜ ಏನೂ ಬೆಳೆಯುವುದಿಲ್ಲ ಎಂದು ಬಿಟ್ಟ ಗರಸಿನ ತುಂಡಿದ್ದರೆ, ವೈನ್ ತಳಿ ಅಲ್ಲಿಗೆ. ಎರೆ ನೀರು ಹಿಡಿದಿಟ್ಟು ಎಲೆ ಬೆಳೆಸುತ್ತದೆ. ನಮಗೆ ಬೇಕಾದದ್ದು ಚಿಕ್ಕ ಕಾಯಿ, ದಪ್ಪ ಸಿಪ್ಪೆ. ಎಕರೆಗೆ ಹತ್ತು ಟನ್ ಕಂಡ ಕಣ್ಣಿಗೆ ಮೂರು, ನಾಲ್ಕು ಟನ್ ನಷ್ಟವೆನಿಸುತ್ತದೆ ಎಂಬುದು ನನಗೂ ಗೊತ್ತು. ಹಾಗಾಗಿಯೇ ಬರೀ ತೂಕಕ್ಕೆ ದುಡ್ಡು ಕೊಡುವ ಒಪ್ಪಂದಕ್ಕೆ ಸಹಿ ಹಾಕಬೇಡಿ ಎನ್ನುತ್ತೇನೆ. ಗುಣಕ್ಕೆ ದರ ಬರೆದುಕೊಡದ ಕಂಪನಿಗೆ ನೀವು ಕಡಿಮೆ ಬೆಳೆದುಕೊಟ್ಟರೆ ಅದು ದಾನ. ಕೊಳ್ಳುವವರು ಕಾಗದದ ಮೇಲೆ ಗೊತ್ತಾಗುವ ಮುಂಚೆ ಒಂದು ಸಸಿಯನ್ನೂ ನೆಡಬೇಡಿ. 2007ರಲ್ಲಿ ರಾಜ್ಯದ ವೈನ್ ನೀತಿ ಬಂದ ಹೊಸದರಲ್ಲಿ ಉತ್ಸಾಹಕ್ಕೆ ನೆಟ್ಟು, ಆಮೇಲೆ ಕೊಳ್ಳುವವರಿಲ್ಲದೆ ಬಳ್ಳಿ ಕಡಿದವರನ್ನು ನಾನು ಕಂಡಿದ್ದೇನೆ. ವೈನ್ ದ್ರಾಕ್ಷಿಯನ್ನು ಸಂತೆಗೆ ಒಯ್ದು ಮಾರಲಾಗದು, ಬೀಜದ ಕಾಯಿಯನ್ನು ಒಣಗಿಸಿದರೂ ಯಾರೂ ಮುಟ್ಟುವುದಿಲ್ಲ.

ಎಲೆ ಕೀಳುವ ವಿಷಯ. ಪರದೇಶದ ವಿಡಿಯೋ ನೋಡಿ ಗೊಂಚಲಿನ ಸುತ್ತ ಎಲೆಯನ್ನೆಲ್ಲ ಬೋಳಿಸಿ, ‘ಸರ್, ಗಾಳಿ ಆಡುತ್ತಿದೆ’ ಎಂದು ಫೋಟೋ ಕಳಿಸುತ್ತಾರೆ. ಅದು ಬಿಸಿಲು ಕಾಣದ ಊರಿನವರ ಪಾಠ. ನಮ್ಮಲ್ಲಿ ನೇರ ಬಿಸಿಲಿಗೆ ಸಿಕ್ಕ ಕಾಯಿ ಗಾಳಿಗಿಂತ ಹತ್ತು ಡಿಗ್ರಿಯಷ್ಟು ಹೆಚ್ಚು ಕಾಯಬಹುದು. ಬೆಳಗಿನ ಬಿಸಿಲು ಬೀಳುವ ಮೂಡಣ ಮಗ್ಗುಲಲ್ಲಿ ಮಾತ್ರ ತೆಳುವಾಗಿ ತೆಗೆಯಿರಿ, ಪಡುವಣ ಮಗ್ಗುಲನ್ನು ಮುಟ್ಟಬೇಡಿ.

ಕೊನೆಗೆ ಕೊಯ್ಲು. ಬೆಳಗಿನ ಜಾವ ತಲೆಗೆ ದೀಪ ಕಟ್ಟಿಕೊಂಡು ಕೊಯ್ಯಬೇಕು, ಬಿಸಿಲೇರುವ ಮುಂಚೆ ಕ್ರೇಟು ವೈನರಿ ತಲುಪಬೇಕು. ಹಗಲು ಹನ್ನೊಂದಕ್ಕೆ ಕೊಯ್ದು, ಮಧ್ಯಾಹ್ನ ಟ್ರ್ಯಾಕ್ಟರ್‌ನಲ್ಲಿ ತುಂಬಿ, ಊಟ ಮುಗಿಸಿ ಹೊರಟರೆ ಹಣ್ಣು ದಾರಿಯಲ್ಲೇ ಒಡೆದು ಹುದುಗಲು ಶುರುವಾಗುತ್ತದೆ. ಬಂಡಿಯಲ್ಲಿ ಬಿಸಿಲಿಗಿಟ್ಟ ಹಾಲನ್ನು ಡೇರಿಯವರು ತೆಗೆದುಕೊಳ್ಳುತ್ತಾರೆಯೇ? ಇದೂ ಹಾಗೆಯೇ. ‘ಕುದಿಸಿದ ರುಚಿ’ ಎಂದವರು ಸುಳ್ಳು ಹೇಳಿಲ್ಲ. ಕುದಿಸಿದ್ದು ತೋಟವಲ್ಲ, ಟ್ರ್ಯಾಕ್ಟರು.

ಪ್ರಶ್ನೆ: ಕಾಯಿ ದಪ್ಪವಾಗಿ ಬ್ರಿಕ್ಸ್ ಕೂಡ ಏರುವ ಟಾನಿಕ್ ಎಂದು ಒಬ್ಬರು ತೋಟಕ್ಕೇ ಬಂದು ಕೊಡುತ್ತಿದ್ದಾರೆ. ವೈನ್ ತಳಿಗೆ ಹೊಡೆಯಬಹುದೇ? (ಜಮಖಂಡಿ)

ಲೇಬಲ್ ಇಲ್ಲದ ಬಾಟಲಿಯನ್ನು ಹೊಡೆಯಬಹುದೇ ಎಂದು ನನ್ನನ್ನು ಕೇಳುವ ಮುಂಚೆ, ಅದರಲ್ಲೇನಿದೆ ಎಂದು ಕೊಟ್ಟವನನ್ನು ಕೇಳಬೇಕಿತ್ತು. ಸಾಮಾನ್ಯವಾಗಿ ಅದು ಜಿಬ್ಬರಲಿಕ್ ಆಮ್ಲ ಅಥವಾ ಬಣ್ಣ ಹಾಕಿದ ಗೊಬ್ಬರದ ನೀರು. ಜಿಬ್ಬರಲಿಕ್ ತಿನ್ನುವ ದ್ರಾಕ್ಷಿಯ ಕಾಯಿ ಹಿಗ್ಗಿಸಲು ಇರುವುದು. ಬಣ್ಣ, ಒಗರು, ಪರಿಮಳ ಇರುವುದು ಸಿಪ್ಪೆಯಲ್ಲಿ. ಕಾಯಿ ಹಿಗ್ಗಿಸಿದರೆ ನೀರು ಹೆಚ್ಚಾಗಿ ಅವೆಲ್ಲ ತೆಳುವಾಗುತ್ತವೆ. ಆ ಮನುಷ್ಯನನ್ನು ಗೇಟಿನಿಂದಲೇ ಕಳಿಸಿ.

ಪ್ರಶ್ನೆ: ವೈನ್ ಹೃದಯಕ್ಕೆ ಒಳ್ಳೆಯದು, ಬಾಣಂತಿಗೆ ರಕ್ತವಾಗುತ್ತದೆ ಎನ್ನುತ್ತಾರೆ. ದಿನಕ್ಕೆ ಎಷ್ಟು ಕುಡಿಯಬೇಕು?

ಸೊನ್ನೆ. ಆರೋಗ್ಯಕ್ಕೆ ಸುರಕ್ಷಿತವೆನ್ನುವ ಪ್ರಮಾಣವೇ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಜನವರಿಯಲ್ಲಿ ಹೇಳಿದೆ. ನಾನು ವೈನ್ ಮಾಡುವವನು, ಔಷಧಿ ಮಾಡುವವನಲ್ಲ. ಬಾಣಂತಿಗೆ ಕೊಡಿ ಎಂದು ಹೇಳುವವರು ಯಾರೇ ಆಗಲಿ, ಅವರ ಮಾತು ಕೇಳಬೇಡಿ.

ಪ್ರಶ್ನೆ: ಬೆಂಗಳೂರು ಬ್ಲೂ ಕೂಡ ನಮ್ಮದೇ ತಳಿ, 2013ರಲ್ಲಿ ಜಿಐ (ಭೌಗೋಳಿಕ ಸೂಚಕ) ಮಾನ್ಯತೆಯೂ ಸಿಕ್ಕಿದೆ. ಅದರಲ್ಲಿ ಶಿರಾಜ್‌ನಂಥ ಒಣ (ಸಿಹಿಯಿಲ್ಲದ) ವೈನ್ ಏಕೆ ಆಗದು? (ಚಿಕ್ಕಬಳ್ಳಾಪುರ)

ಅದರ ರಕ್ತದಲ್ಲಿ ಅಮೆರಿಕದ ಲಬ್ರುಸ್ಕಾ ದ್ರಾಕ್ಷಿ ಜಾತಿ ಇದೆ, ಆ ಘಾಟು ಪರಿಮಳ ಒಣ ವೈನಿನಲ್ಲಿ ಎದ್ದು ಮೂಗಿಗೆ ಹೊಡೆಯುತ್ತದೆ. ಜ್ಯೂಸಿಗೆ, ಜಾಮಿಗೆ, ಸಿಹಿ ವೈನಿಗೆ ಬಹಳ ಚೆಂದ. ಮಾನ್ಯತೆ ಹಣ್ಣಿಗೆ ಸಿಕ್ಕಿದ್ದು.

ಪ್ರಶ್ನೆ: ಮದುವೆಗೆ ಬಂದ ಕೆಂಪು ವೈನ್ ಬಾಟಲಿಯನ್ನು ಹತ್ತು ವರ್ಷದಿಂದ ಅಟ್ಟದ ಮೇಲೆ ಇಟ್ಟಿದ್ದೇನೆ. ಈಗ ಬೆಲೆ ಎಷ್ಟಾಗಿರಬಹುದು? (ಕಲಬುರಗಿ)

ಕಲಬುರಗಿಯ ಅಟ್ಟದ ಮೇಲೆ ಹತ್ತು ಬೇಸಿಗೆ. ಬಾಟಲಿ ಚೆನ್ನಾಗಿದ್ದರೆ ಮನಿಪ್ಲಾಂಟ್ ಇಡಿ.

ಪ್ರಶ್ನೆ: ಕೆಂಪು ವೈನ್ ಫ್ರಿಜ್ಜಿನಲ್ಲಿಡಬಾರದು, ಕೋಣೆಯ ಬಿಸಿಯಲ್ಲೇ ಕುಡಿಯಬೇಕು ಎಂದು ಓದಿದ್ದೇನೆ.

ಯಾರ ಕೋಣೆ? ಅದು ಹಳೆಯ ಫ್ರಾನ್ಸಿನ ತಣ್ಣನೆಯ ಕಲ್ಲುಮನೆಯ ಲೆಕ್ಕ. ನಮ್ಮ ವೈನನ್ನು ಒಂದೂವರೆ, ಎರಡು ಗಂಟೆ ಫ್ರಿಜ್ಜಿನಲ್ಲಿಟ್ಟು 16 ಡಿಗ್ರಿ ಸುತ್ತ ಕುಡಿಯಿರಿ. ಆಲ್ಕೋಹಾಲಿನ ಉರಿ ಅರ್ಧ ಅಲ್ಲೇ ತಗ್ಗುತ್ತದೆ. ವೈನ್ ಕೆಟ್ಟದ್ದೆಂದು ಬರೆದ ಎಷ್ಟೋ ಜನ ಅದನ್ನು 34 ಡಿಗ್ರಿಯಲ್ಲಿ ಕುಡಿದವರು.

ಪ್ರಶ್ನೆ: ಬಾಟಲಿಯ ತಳದಲ್ಲಿ ಗಾಜಿನ ಚೂರಿನಂಥದ್ದು ಕಂಡಿತು. ಕೆಮಿಕಲ್ ಹಾಕಿದ್ದಾರೆಯೇ?

ಮೇಲೆ ಹೇಳಿದ ಟಾರ್ಟಾರಿಕ್ ಹರಳು, ದ್ರಾಕ್ಷಿಯದೇ. ಬಗ್ಗಿಸಿ ಕುಡಿಯಿರಿ.

ಪ್ರಶ್ನೆ: ಅಕ್ಟೋಬರ್ ಚಾಟ್ನಿ ಆದ ಮೇಲೆ ಬಳ್ಳಿಯ ಕಣ್ಣು ಒಡೆದು ಚಿಗುರಲೆಂದು ಹೈಡ್ರೋಜನ್ ಸಯನಮೈಡ್ ಹಚ್ಚಿದ ದಿನ ನಮ್ಮ ಆಳೊಬ್ಬನಿಗೆ ಸಂಜೆ ಮುಖವೆಲ್ಲ ಕೆಂಪಾಗಿ, ಎದೆ ಬಡಿದುಕೊಂಡು ವಾಂತಿಯಾಯಿತು. ಬಿಸಿಲಿಗೆ ಹೀಗಾಗುತ್ತದೆಯೇ? (ಬಬಲೇಶ್ವರ)

ಈ ಪತ್ರ ಓದಿ ಉಳಿದ ಪತ್ರಗಳ ಮೇಲಿನ ಸಿಟ್ಟು ಮರೆತುಹೋಯಿತು. ಆತ ಸಂಜೆ ಕುಡಿದಿದ್ದನೇ? ಕೇಳಿ. ಈ ಔಷಧಿ ಚರ್ಮದ ಮೂಲಕ ಮೈಗೆ ಸೇರುತ್ತದೆ, ಸೇರಿದ ಮೇಲೆ ಆಲ್ಕೋಹಾಲನ್ನು ಅರಗಿಸುವ ಕಿಣ್ವವನ್ನು ತಡೆಯುತ್ತದೆ. ಆಮೇಲೆ ಒಂದು ಗುಟುಕು ಬಿದ್ದರೂ ನೀವು ಬರೆದಂತೆಯೇ ಆಗುತ್ತದೆ, ಜೀವಕ್ಕೂ ಅಪಾಯ. ಬಟ್ಟೆ ಅದ್ದಿ ಬರಿಗೈಯಲ್ಲಿ ಹಚ್ಚುವ ನಮ್ಮ ಪದ್ಧತಿ ನಿಲ್ಲಬೇಕು. ಉದ್ದನೆಯ ರಬ್ಬರ್ ಕೈಗವಸು, ಕನ್ನಡಕ, ಪೂರ್ತಿ ತೋಳಿನ ಅಂಗಿ ಮಾಲೀಕರೇ ಕೊಡಿಸಬೇಕು. ಹಚ್ಚುವ ಹಿಂದಿನ ದಿನವೂ, ಹಚ್ಚಿದ ಮೇಲೆ ಒಂದು ವಾರವೂ ವೈನ್, ಬಿಯರ್, ಸಾರಾಯಿ ಯಾವುದೂ ಬೇಡ. ಇದು ಕೂಲಿಯವರಿಗೆ ಮಾತ್ರವಲ್ಲ, ಪಕ್ಕದಲ್ಲಿ ನಿಂತು ಡಬ್ಬಿ ಕಲೆಸುವ ಮಾಲೀಕರಿಗೂ ಅನ್ವಯ. ಯಾರಿಗಾದರೂ ಮತ್ತೆ ಹೀಗಾದರೆ ಮಜ್ಜಿಗೆ ಕುಡಿಸುತ್ತ ಕೂರದೆ, ಡಬ್ಬಿಯ ಲೇಬಲ್ ಹರಿದು ಜೇಬಿಗಿಟ್ಟುಕೊಂಡು ಜಿಲ್ಲಾ ಆಸ್ಪತ್ರೆಗೆ ಹೋಗಿ, ಏನು ಹಚ್ಚಿದ್ದು ಎಂದು ವೈದ್ಯರಿಗೆ ಮೊದಲು ಅದನ್ನು ತೋರಿಸಿ.