ಪ್ರತಿಕ್ರಿಯೆ: ಸಿರಪ್ ಕುಡಿಸಿದರೂ ಕಿವಿ ಮತ್ತೆ ಸೋರುವುದೇಕೆ?

ನಮಸ್ಕಾರ. ಯಾದಗಿರಿಯ ನಿಮ್ಮ ಆರು ವರ್ಷದ ಮಗನ ಕಿವಿ ಮೂರು ತಿಂಗಳಿಂದ, ಆ್ಯಂಟಿಬಯಾಟಿಕ್ ಸಿರಪ್ ಮುಗಿದಾಗಲೆಲ್ಲ, ಮತ್ತೆ ಸೋರುವುದೇಕೆಂದು ಕೇಳಿದ್ದೀರಿ. ನೆಗಡಿಯ ಬೆನ್ನಲ್ಲೇ ಬರುವ ಕಿವಿನೋವಿಗೆ ಸಾಮಾನ್ಯವಾಗಿ ನ್ಯೂಮೊಕಾಕಸ್‌ನಂಥ ಬ್ಯಾಕ್ಟೀರಿಯಾ ಕಾರಣ. ಆದರೆ ಕಿವಿತಮಟೆ ತೂತಾಗಿ ತಿಂಗಳುಗಟ್ಟಲೆ ಕೀವು ಬರುವಲ್ಲಿ ಹೆಚ್ಚಾಗಿ ಸ್ಯೂಡೊಮೊನಾಸ್, ಸ್ಟ್ಯಾಫಿಲೊಕಾಕಸ್ ಎಂಬ ಬೇರೆ ಬ್ಯಾಕ್ಟೀರಿಯಾಗಳು ಸೇರಿಕೊಂಡು, ನೀರಿನ ತೊಟ್ಟಿಯ ಗೋಡೆಗೆ ಹಿಡಿಯುವ ಲೋಳೆಯಂಥ ಪದರ ಕಟ್ಟಿಕೊಳ್ಳುವುದರಿಂದ, ಕುಡಿಸಿದ ಔಷಧಿ ಅವುಗಳಿಗೆ ಸಾಕಷ್ಟು ತಾಗುವುದಿಲ್ಲ. ಆದ್ದರಿಂದಲೇ ವೈದ್ಯರು ಕೀವನ್ನು ಒರೆಸಿ ತೆಗೆದು, ಸಾಮಾನ್ಯವಾಗಿ ಸಿಪ್ರೊಫ್ಲಾಕ್ಸಸಿನ್ ಎಂಬ ಆ್ಯಂಟಿಬಯಾಟಿಕ್‌ನ ಹನಿಗಳನ್ನು ನೇರವಾಗಿ ಕಿವಿಗೆ ಬಿಡಿಸುತ್ತಾರೆ. ಜೆಂಟಾಮೈಸಿನ್ ಎಂಬ ಇನ್ನೊಂದು ಆ್ಯಂಟಿಬಯಾಟಿಕ್‌ನ ಹನಿಗಳನ್ನು ಮಾತ್ರ ನೀವಾಗಿಯೇ ತಂದು ಹಾಕಬೇಡಿ; ತೂತಿನ ಮೂಲಕ ಒಳಗಿಳಿದರೆ ಶ್ರವಣಕ್ಕೇ ಹಾನಿಯಾದೀತು. ಅಜ್ಜಿ ಬಿಡುತ್ತಿರುವ ಬೆಳ್ಳುಳ್ಳಿ ಎಣ್ಣೆಯನ್ನೂ (ನಮ್ಮ ಕಡೆ ಅದು ಮನೆಮನೆಯ ಮದ್ದು) ನಿಲ್ಲಿಸಿರಿ. ತಜ್ಞರಿಂದ ಶ್ರವಣ ಪರೀಕ್ಷೆ ಮಾಡಿಸಿ. ಕಿವಿಯ ಹಿಂದೆ ಊತ ಬಂದರೆ ಅಥವಾ ಮುಖ ಸೊಟ್ಟಗಾದರೆ ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ.